‘ಸೋಲೋ’: ರೈಲು ದರೋಡೆ ಪಕ್ಕಾ, ಗಣಿಯ ಕನ್ನ ಅರೆಬರೆ

‘ಸೋಲೋ: ಎ ಸ್ಟಾರ್ ವಾರ್ಸ್ ಸ್ಟೋರಿ’ 2018ರ ಮೇ 25ರಂದು ತೆರೆಕಂಡಾಗ ನಡೆದ ಮಾತೆಲ್ಲ ಲಾಭ-ನಷ್ಟದ್ದೇ. ನಿರ್ದೇಶಕರು ಬದಲಾಗಿ ಬಹುಪಾಲು ಚಿತ್ರೀಕರಣ ಎರಡನೇ ಸಲ ನಡೆದು ಖರ್ಚು ಏರಿತ್ತು. ಜಗತ್ತಿನಾದ್ಯಂತ ಗಳಿಕೆ 39 ಕೋಟಿ ಡಾಲರಿನ ಆಸುಪಾಸಿಗೆ ನಿಂತಿತು. ಈ ಸರಣಿಗೆ ಅದು ಸೋಲೇ. ಹಿಂದಿನ ಸ್ಟಾರ್ ವಾರ್ಸ್ ಚಿತ್ರ ಬಂದು ಐದೇ ತಿಂಗಳಾಗಿದ್ದು ಕೂಡ ಪೆಟ್ಟು ಕೊಟ್ಟಿತು. ಈ ಲೆಕ್ಕ ಹಂಚಿಕೆದಾರರ ತಲೆನೋವು. ಈಗ ಮನೆಯಲ್ಲಿ ಕೂತು 135 ನಿಮಿಷ ಕೊಡುವವರಿಗೆ ಬೇಕಾದ ಉತ್ತರ ಬೇರೆ: ಇದು ನೋಡುವಂಥ ದರೋಡೆ ಸಿನಿಮಾನಾ?

ಹೌದು, ಆದರೆ ಒಂದು ಕಂಡಿಷನ್ ಇದೆ. ಹಾನ್ ಸೋಲೋ ಎಂಬ ಹೀರೋನ ಪೂರ್ವಕಥೆ ಅಂತ ನೋಡಲು ಕೂತರೆ ಬೇಸರ ಬರುತ್ತದೆ. ಅವನ ಅಡ್ಡಹೆಸರು ಎಲ್ಲಿಂದ ಬಂತು, ಪಿಸ್ತೂಲು ಯಾರು ಕೊಟ್ಟರು, ದಾಳಗಳನ್ನು ಯಾಕೆ ತೂಗುಹಾಕಿಕೊಂಡ ಎಂದು ಯಾರೂ ಕೇಳದ ಪ್ರಶ್ನೆಗಳಿಗೆಲ್ಲ ಚಿತ್ರ ಉತ್ತರ ಕೊಡುತ್ತಾ ಹೋಗುತ್ತದೆ. ಅದನ್ನು ಬಿಟ್ಟು ಕಳ್ಳರ ಗುಂಪೊಂದು ಸ್ಕೆಚ್ ಹಾಕಿ, ಕೈ ಸುಟ್ಟುಕೊಂಡು, ಮತ್ತೆ ಸ್ಕೆಚ್ ಹಾಕುವ ಕಥೆಯಾಗಿ ನೋಡಿದರೆ ಒಳಗೆ ಒಳ್ಳೆಯ ಕಸುಬುದಾರಿಕೆ ಕಾಣುತ್ತದೆ. ಇಲ್ಲಿಂದ ಮುಂದೆ ಎರಡು ಕಳ್ಳತನಗಳನ್ನೂ ಕೊನೆಯ ವಂಚನೆಯನ್ನೂ ಬಿಚ್ಚಿ ನೋಡಲಾಗಿದೆ. ಕಥೆ ಗೊತ್ತಾಗಬಾರದು ಎನ್ನುವವರು ಕೊನೆಯಲ್ಲಿರುವ ಟಿವಿ ಸೆಟ್ಟಿಂಗ್ ಭಾಗಕ್ಕೆ ನೇರ ಹೋಗಬಹುದು.

ದರೋಡೆ ಸಿನಿಮಾಗಳಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಪ್ಲಾನ್ ಏನೆಂದು ಪ್ರೇಕ್ಷಕರಿಗೆ ಮೊದಲೇ ಪೂರ್ತಿ ಹೇಳಿದರೆ ಆ ಪ್ಲಾನ್ ಕೆಡಲೇಬೇಕು. ಬಚ್ಚಿಟ್ಟರೆ ಅದು ಗೆಲ್ಲಬೇಕು. ಹೇಳಿದ್ದೇ ನಡೆದರೆ ನೋಡುವವರಿಗೆ ಒಂದೇ ಕಥೆಯನ್ನು ಎರಡು ಸಲ ಕೇಳಿದಂತೆ, ಹೇಳದೆ ಸೋತರೆ ಯಾವುದು ಕೆಟ್ಟಿತು ಎಂದೇ ತಿಳಿಯದು. ಚಿತ್ರಕಥೆ ಬರೆದ ಲಾರೆನ್ಸ್ ಕ್ಯಾಸ್ಡನ್ ಮತ್ತು ಅವರ ಮಗ ಜೊನಾಥನ್ ಕ್ಯಾಸ್ಡನ್‌ಗೆ ಈ ಕಟ್ಟಳೆ ಚೆನ್ನಾಗಿ ಗೊತ್ತು. ರೈಲು ದರೋಡೆಯ ಪ್ಲಾನನ್ನು ಬೆಂಕಿಯ ಸುತ್ತ ಕೂತು ಬಿಡಿಸಿ ಹೇಳಿಸುತ್ತಾರೆ. ಕೊನೆಯ ವಂಚನೆಯನ್ನು ಪೂರ್ತಿ ಮುಚ್ಚಿಡುತ್ತಾರೆ. ಎರಡೂ ನಿಲ್ಲುತ್ತವೆ. ನಡುವಿನ ಗಣಿ ಕಳ್ಳತನವನ್ನು ಅರ್ಧ ಹೇಳಿ ಅರ್ಧ ಬಿಡುತ್ತಾರೆ, ಅದೇ ಕಾಲು ಜಾರುವ ಜಾಗ.

ಮೊದಲು ಮಾಲಿನ ವಿಷಯ. ಕದಿಯುವ ವಸ್ತು ಯಾವುದಾದರೂ ನಡೆಯುತ್ತದೆ ಎಂದುಕೊಳ್ಳುವ ಚಿತ್ರಗಳೇ ಹೆಚ್ಚು. ಇಲ್ಲಿ ಹಾಗಲ್ಲ. ಕೊಆಕ್ಸಿಯಂ ಎನ್ನುವುದು ಬೆಳಕಿನ ವೇಗವನ್ನು ಮೀರಿ ಹಾರುವ ಹಡಗುಗಳಿಗೆ ಬೇಕಾದ ಇಂಧನ. ಸಂಸ್ಕರಿಸಿದ್ದು ಚಿಕ್ಕ ಸೀಸೆಯಲ್ಲಿದ್ದರೂ ಜೀವ ಉಳಿಸುವಷ್ಟು ದುಬಾರಿ, ಆದರೆ ಬಿದ್ದರೆ ಸಿಡಿಯುತ್ತದೆ. ಸಂಸ್ಕರಿಸದ್ದು ತಣ್ಣಗಿದ್ದರೆ ಮಾತ್ರ ಸುಮ್ಮನಿರುತ್ತದೆ, ಕಾವೇರಿದರೆ ಸಿಡಿಯುತ್ತದೆ. ಈ ಎರಡು ಗುಣಗಳಿಂದಲೇ ಚಿತ್ರದ ಎರಡು ದೊಡ್ಡ ದೃಶ್ಯಗಳು ಹುಟ್ಟುತ್ತವೆ. ಎತ್ತಿಹಾಕುವಂತಿಲ್ಲ ಎನ್ನುವುದು ರೈಲಿನಲ್ಲಿ ಕೈಕಟ್ಟುತ್ತದೆ, ತಡಮಾಡುವಂತಿಲ್ಲ ಎನ್ನುವುದು ಗಣಿಯಿಂದ ಹೊರಟ ಮೇಲೆ ಬೆನ್ನಟ್ಟುತ್ತದೆ. ಚಿನ್ನವೋ ವಜ್ರವೋ ಆಗಿದ್ದರೆ ಈ ಎರಡೂ ದೃಶ್ಯಗಳು ಇರುತ್ತಿರಲಿಲ್ಲ.

ರೈಲಿಗೆ ಬರೋಣ. ವ್ಯಾಂಡಾರ್ ಎಂಬ ಹಿಮದ ಬೆಟ್ಟಸಾಲಿನಲ್ಲಿ ಓಡುವ ಸರಕು ರೈಲು. ಹಿನ್ನೆಲೆಯ ಬೆಟ್ಟಗಳು ಇಟಲಿಯ ಡೊಲೊಮೈಟ್ಸ್. ಬೋಗಿಗಳು ಹಳಿಯ ಮೇಲೂ ಇವೆ, ಕೆಳಗೂ ಇವೆ. ತಿರುವು ಬಂದಾಗ ಇಡೀ ರೈಲು ಪಕ್ಕಕ್ಕೆ ಹೊರಳುತ್ತದೆ, ಕಾಲ ಕೆಳಗಿದ್ದ ಚಾವಣಿ ಗೋಡೆಯಾಗಿಬಿಡುತ್ತದೆ. ಈ ಒಂದೇ ವಿನ್ಯಾಸದಿಂದ ಚಲಿಸುವ ರೈಲಿನ ಮೇಲಿನ ಹೊಡೆದಾಟಕ್ಕೆ ಹೊಸ ಜೀವ ಬಂದಿದೆ. ಕಾವಲಿನ ಸೈನಿಕರ ಬೂಟಿನಲ್ಲಿ ಆಯಸ್ಕಾಂತವಿದೆ, ಅವರು ಹೊರಳಿದರೂ ಅಂಟಿಕೊಂಡಿರುತ್ತಾರೆ. ಕಳ್ಳರಿಗೆ ಇರುವುದು ಕೈಯ ಹಿಡಿತ ಮಾತ್ರ. ಯಾರಿಗೆ ಮೇಲುಗೈ, ಯಾರಿಗೆ ಕೆಳಗೈ ಎಂದು ಒಂದು ಮಾತೂ ಆಡದೆ ತಿಳಿಯುತ್ತದೆ.

ತಂಡ ಚಿಕ್ಕದು. ಮುಖಂಡ ಬೆಕೆಟ್, ಅವನ ಸಂಗಾತಿ ವಾಲ್, ನಾಲ್ಕು ಕೈಗಳ ಪೈಲಟ್ ರಿಯೋ, ಜೊತೆಗೆ ಯುದ್ಧಭೂಮಿಯಿಂದ ತಪ್ಪಿಸಿಕೊಂಡು ಬಂದ ಹಾನ್ ಮತ್ತು ಮೈತುಂಬ ಕೂದಲಿನ ದೈತ್ಯ ಜೀವಿ ಚ್ಯೂಬಾಕಾ. ಕೆಲಸದ ಹಂಚಿಕೆ ಹೀಗೆ: ಸೇನೆಯಿಂದ ಕದ್ದ ಸರಕು ವಿಮಾನವನ್ನು ರಿಯೋ ರೈಲಿನ ಮೇಲೆ ಅದೇ ವೇಗದಲ್ಲಿ ಹಾರಿಸಬೇಕು. ಬೆಕೆಟ್, ಹಾನ್, ಚ್ಯೂಬಾಕಾ ಚಾವಣಿಗೆ ಇಳಿದು ಇಂಧನದ ಬೋಗಿಗೆ ಕೇಬಲ್ ಬಿಗಿದು, ಅದರ ಕೊಂಡಿ ಬಿಚ್ಚಬೇಕು. ಸೇತುವೆಗೆ ಬಾಂಬು ಕಟ್ಟುವುದು ವಾಲ್ ಕೆಲಸ. ಸೇತುವೆ ಹಾರುವ ಹೊತ್ತಿಗೆ ಬೋಗಿ ಗಾಳಿಯಲ್ಲಿರಬೇಕು. ಒಟ್ಟು ಲೆಕ್ಕಾಚಾರ ಇಷ್ಟೇ. ಇಷ್ಟು ಸರಳವಾಗಿರುವುದರಿಂದಲೇ ಮುಂದಿನ ಹತ್ತು ನಿಮಿಷ ಎಷ್ಟೇ ಗದ್ದಲವಾದರೂ ಯಾರು ಎಲ್ಲಿದ್ದಾರೆ, ಯಾವ ಕೆಲಸ ಬಾಕಿ ಇದೆ ಎಂಬುದು ಕಣ್ಣು ತಪ್ಪುವುದಿಲ್ಲ.

ಕೆಡುವುದು ಎಲ್ಲಿ? ಮೂರು ಕಡೆ, ಮೂರೂ ಪ್ಲಾನಿನೊಳಗೇ ಇದ್ದ ಬಿರುಕುಗಳು. ಮೊದಲನೆಯದು, ಪೈಲಟ್ ಒಬ್ಬನೇ. ಎನ್‌ಫಿಸ್ ನೆಸ್ಟ್ ಎಂಬ ಮುಖವಾಡಧಾರಿಯ ದರೋಡೆಕೋರ ಗುಂಪು ಹಾರುವ ಬೈಕುಗಳಲ್ಲಿ ನುಗ್ಗಿ, ಅದೇ ಬೋಗಿಗೆ ತಮ್ಮ ಕೇಬಲ್ ಹಾಕುತ್ತದೆ. ರಿಯೋಗೆ ಗುಂಡು ಬೀಳುತ್ತದೆ. ಅವನ ಜಾಗಕ್ಕೆ ಹಾನ್ ಓಡಬೇಕು, ಅಂದರೆ ಚಾವಣಿಯ ಮೇಲೆ ಒಬ್ಬ ಆಳು ಕಡಿಮೆ. ಎರಡನೆಯದು, ಸೇತುವೆಯಲ್ಲಿರುವ ವಾಲ್‌ಗೆ ಹಿಂದೆ ಬರುವ ದಾರಿಯನ್ನೇ ಯಾರೂ ಯೋಚಿಸಿಲ್ಲ. ಎಚ್ಚರಿಕೆ ಹೊಡೆದು ಕಾವಲಿನ ಯಂತ್ರಜೀವಿಗಳಾದ ಡ್ರಾಯ್ಡ್‌ಗಳು ಅವಳನ್ನು ಸುತ್ತುವರಿದಾಗ ಅವಳಿಗೆ ಉಳಿಯುವುದು ಒಂದೇ ಗುಂಡಿ. ಮೂರನೆಯದು ಮಾಲಿನದೇ ಗುಣ. ಬೋಗಿಗೆ ಎರಡೂ ಕಡೆಯಿಂದ ಕೇಬಲ್ ಬಿಗಿದಿದೆ, ಎದುರಿಗೆ ಬೆಟ್ಟ ಬರುತ್ತಿದೆ, ಬಿಟ್ಟರೆ ಸಿಡಿಯುತ್ತದೆ, ಬಿಡದಿದ್ದರೆ ಸಾವು. ಹಾನ್ ಬಿಡುತ್ತಾನೆ.

ನೆಸ್ಟ್ ಗುಂಪು ಹಿಂದೆಯೂ ತನ್ನ ದಾರಿಗೆ ಅಡ್ಡ ಬಂದಿದೆ ಎಂದು ಗೊತ್ತಿದ್ದೂ ಬೆಕೆಟ್ ಒಬ್ಬನನ್ನಾದರೂ ಕಾವಲಿಗೆ ನಿಲ್ಲಿಸಿಲ್ಲ. ಇದನ್ನು ಚಿತ್ರಕಥೆಯ ಲೋಪ ಎನ್ನುವವರಿದ್ದಾರೆ. ಅದು ಬೆಕೆಟ್‌ನ ಲೋಪ. ದುರಾಸೆಯವನು, ಪಾಲು ಹಂಚುವುದಕ್ಕೆ ಹಿಂಜರಿಯುವವನು, ಹಾಗಾಗಿ ಆಳು ಕಡಿಮೆ ಇಟ್ಟುಕೊಂಡವನು. ಅದಕ್ಕೆ ಬೆಲೆ ತೆತ್ತದ್ದು ಅವನ ಸಂಗಾತಿ. ಈ ಸಾವಿನ ಭಾರವನ್ನು ಹೊರಲು ಮಾತ್ರ ಚಿತ್ರಕ್ಕೆ ತಾಳ್ಮೆ ಇಲ್ಲ. ಒಂದು ಹೊಡೆತ, ಎರಡು ಮಾತು, ಮುಂದಿನ ಗ್ರಹ. ಥ್ಯಾಂಡಿವೇ ನ್ಯೂಟನ್‌ರಂಥ ನಟಿಯನ್ನು ಕರೆದುಕೊಂಡು ಬಂದು ಇಷ್ಟು ಬೇಗ ಕಳಿಸಿಬಿಟ್ಟದ್ದು ದಂಡ.

ಬೋಗಿ ಬಿದ್ದ ಮೇಲಿನ ಸ್ಫೋಟವನ್ನು ಸುಮ್ಮನೆ ದಾಟಿ ಹೋಗಬಾರದು. ಮಾಮೂಲಿ ಪೆಟ್ರೋಲ್ ಬೆಂಕಿಯ ಉಂಡೆ ಇಲ್ಲಿಲ್ಲ. ಬೆಟ್ಟದ ತುದಿ ಉಬ್ಬುತ್ತದೆ, ತಡೆಯುತ್ತದೆ, ಒಳಕ್ಕೆ ಸೆಳೆದುಕೊಳ್ಳುತ್ತದೆ, ಮತ್ತೆ ಒಡೆಯುತ್ತದೆ. ಕಂಪ್ಯೂಟರಿನಲ್ಲಿ ಬರೆದದ್ದು ಎಂದುಕೊಂಡರೆ ತಪ್ಪು. ದೃಶ್ಯ ಪರಿಣಾಮಗಳ ಸಂಸ್ಥೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನ ರಾಬ್ ಬ್ರೆಡೋ ತಂಡ ನೀರು ತುಂಬಿದ ತೊಟ್ಟಿಯೊಳಗೆ ಚಿಕ್ಕ ಸಿಡಿಮದ್ದನ್ನು ಸಿಡಿಸಿ, ಅತಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು, ಅದನ್ನು ಬೆಟ್ಟದ ಗಾತ್ರಕ್ಕೆ ಬೆಳೆಸಿತು. ನೀರಿನಲ್ಲೇ ಯಾಕೆ? ಗಾಳಿಯಲ್ಲಿ ಸಿಡಿದ ಮದ್ದಿನ ಅನಿಲ ಹರಡಿ ಹೋಗುತ್ತದೆ. ನೀರಿನಲ್ಲಿ ಹಾಗಲ್ಲ. ಅನಿಲದ ಗುಳ್ಳೆ ಉಬ್ಬುತ್ತದೆ, ಉಬ್ಬುವ ರಭಸಕ್ಕೆ ಒಳಗಿನ ಒತ್ತಡ ಸುತ್ತಲಿನ ನೀರಿಗಿಂತ ಕೆಳಗಿಳಿಯುತ್ತದೆ, ಆಗ ನೀರು ಅದನ್ನು ಒಳಕ್ಕೆ ಅಮುಕುತ್ತದೆ, ಅಮುಕಿದ ಅನಿಲ ಮತ್ತೆ ಚಿಮ್ಮುತ್ತದೆ. ತೆರೆಯ ಮೇಲೆ ಕಾಣುವ ಆ ವಿಚಿತ್ರ ಹಿಂಜರಿಕೆ ಇದೇ. ಇಂಧನ ಬೇರೆ ಜಾತಿಯದು ಎಂದು ಪಾತ್ರಗಳು ಹೇಳಿದ್ದಕ್ಕಿಂತ ಹೆಚ್ಚು ನಂಬಿಸುವುದು ಈ ಒಂದು ಶಾಟ್. ದೃಶ್ಯ ಪರಿಣಾಮಗಳ ಆಸ್ಕರ್‌ಗೆ ಚಿತ್ರ ನಾಮನಿರ್ದೇಶನಗೊಂಡಿತ್ತು, ಪ್ರಶಸ್ತಿ ‘ಫಸ್ಟ್ ಮ್ಯಾನ್’ ಪಾಲಾಯಿತು.

ಈಗ ಎರಡನೇ ಕಳ್ಳತನ. ಬೆಕೆಟ್‌ಗೆ ಕೆಲಸ ಕೊಟ್ಟ ಅಪರಾಧ ಕೂಟದ ಡ್ರೈಡನ್ ವಾಸ್‌ಗೆ ನೂರು ಕಿಲೋ ಇಂಧನ ಬಾಕಿ. ಸಂಸ್ಕರಿಸಿದ್ದು ಎಲ್ಲೂ ಸಿಗದು, ಸಂಸ್ಕರಿಸದ್ದನ್ನು ಕೆಸೆಲ್ ಗಣಿಯಿಂದ ಎತ್ತೋಣ ಎಂಬ ಐಡಿಯಾ ಹಾನ್‌ನದು. ಒಳ್ಳೆಯ ಐಡಿಯಾನೇ, ಯಾಕೆಂದರೆ ಕಷ್ಟ ತಾನಾಗಿಯೇ ಎರಡಾಗುತ್ತದೆ: ಎತ್ತುವುದು ಒಂದು, ಸಿಡಿಯುವ ಮೊದಲು ಸಂಸ್ಕರಣೆಯ ಜಾಗಕ್ಕೆ ತಲುಪಿಸುವುದು ಇನ್ನೊಂದು. ಎರಡನೆಯದಕ್ಕೆ ವೇಗದ ಹಡಗು ಬೇಕು, ಹಡಗಿಗಾಗಿ ಅದರ ಒಡೆಯ, ಜೂಜುಕೋರ ಲ್ಯಾಂಡೋ, ಲ್ಯಾಂಡೋಗಾಗಿ ಇಸ್ಪೀಟಿನಾಟ. ಒಂದರಿಂದ ಒಂದು ಹೀಗೆ ಬಿಚ್ಚಿಕೊಳ್ಳುವ ಈ ಕಾಲು ಗಂಟೆ ಬರವಣಿಗೆಯ ಮಟ್ಟಿಗೆ ಚಿತ್ರದ ಅತ್ಯುತ್ತಮ ಭಾಗ.

ಗಣಿಯೊಳಗೆ ಹೋದ ಮೇಲೆ ಬಿಗಿ ಸಡಿಲುತ್ತದೆ. ಹಾನ್ನ ಹಳೆಯ ಪ್ರೇಯಸಿ, ಈಗ ಡ್ರೈಡನ್ ಕೂಟದಲ್ಲಿರುವ ಕಿರಾ ವ್ಯಾಪಾರದ ಪ್ರತಿನಿಧಿಯ ವೇಷದಲ್ಲಿ, ಹಾನ್ ಮತ್ತು ಚ್ಯೂಬಾಕಾ ಅವಳು ಒಪ್ಪಿಸಲು ತಂದ ಗುಲಾಮರಾಗಿ, ಬೆಕೆಟ್ ಮುಖ ಮುಚ್ಚಿದ ಕಾವಲುಗಾರನಾಗಿ ಒಳ ನುಗ್ಗುತ್ತಾರೆ. ಗುಲಾಮರನ್ನು ಕೆಳಗೆ ಕಳಿಸುತ್ತಾರೆ, ಇಂಧನದ ಉಗ್ರಾಣವೂ ಕೆಳಗೇ. ಇಷ್ಟು ಜಾಣತನ. ಆಮೇಲೆ ಉಗ್ರಾಣದ ಬಾಗಿಲು ಹೇಗೆ, ಎಷ್ಟು ಹೊತ್ತು ಸಿಗುತ್ತದೆ, ಅಷ್ಟು ತೂಕದ ಡಬ್ಬಿಗಳನ್ನು ಮೇಲಕ್ಕೆ ಸಾಗಿಸುವುದು ಯಾವ ದಾರಿಯಲ್ಲಿ, ಒಂದನ್ನೂ ನಮಗೆ ಹೇಳಿಲ್ಲ. ಹೇಳದೇ ಇದ್ದುದರಿಂದ ಅಡ್ಡಿ ಬಂದಾಗ ಅದು ಅಡ್ಡಿ ಎಂದೇ ಅನ್ನಿಸುವುದಿಲ್ಲ. ಲ್ಯಾಂಡೋನ ಡ್ರಾಯ್ಡ್ ಎಲ್‌3-37 ನಿಯಂತ್ರಣ ಕೋಣೆಯಲ್ಲಿದ್ದ ಇನ್ನೊಂದು ಯಂತ್ರದ ಅಂಕುಶದ ಬೋಲ್ಟನ್ನು ಕಿತ್ತು, ನಿನ್ನ ಜೊತೆಯವರನ್ನೂ ಬಿಡಿಸು ಎನ್ನುತ್ತದೆ. ಕ್ಷಣದಲ್ಲಿ ಗಣಿಯ ತುಂಬ ದಂಗೆ. ತಮಾಷೆಯಾಗಿದೆ, ಎಲ್‌3ಗೆ ದನಿ ಕೊಟ್ಟ ಫೀಬಿ ವಾಲರ್-ಬ್ರಿಜ್ ಅವರಿಂದ ಆ ಪಾತ್ರಕ್ಕೆ ಒಂದು ಖದರ್ ಬಂದಿದೆ. ಆದರೆ ದರೋಡೆಯ ಲೆಕ್ಕದಲ್ಲಿ ದಂಗೆ ಎಂಬುದು ಸುಲಭದ ಹಾದಿ. ಎಲ್ಲ ಕಾವಲನ್ನೂ ಒಂದೇ ಏಟಿಗೆ ತೊಡೆದುಹಾಕುತ್ತದೆ. ಕಳ್ಳರ ಕೈಚಳಕಕ್ಕೆ ಕೆಲಸವೇ ಉಳಿಯುವುದಿಲ್ಲ.

ಗಣಿಯಲ್ಲಿ ಮನಸ್ಸಿಗೆ ನಾಟುವುದು ಒಂದೇ ಚಿಕ್ಕ ಸಂಗತಿ. ತನ್ನ ಕುಲದವರು ಅಲ್ಲಿ ಗುಲಾಮರಾಗಿರುವುದನ್ನು ಕಂಡ ಚ್ಯೂಬಾಕಾ ಹಾನ್‌ನನ್ನು ಬಿಟ್ಟು ಅವರ ಕಡೆ ಹೋಗುತ್ತಾನೆ. ಸಿಡಿಯುವ ಡಬ್ಬಿಗಳ ಗಾಡಿಯನ್ನು ಹಾನ್ ಒಬ್ಬನೇ ತಳ್ಳಬೇಕು. ಆಮೇಲೆ ಚ್ಯೂಬಾಕಾ ಮರಳಿ ಬಂದಾಗ ಭಾರ ಎತ್ತಲು ಕೈಗಳು ಹೆಚ್ಚಾಗಿರುತ್ತವೆ. ಗೆಳೆತನದ ಬಗ್ಗೆ ಇದಕ್ಕಿಂತ ಉದ್ದದ ಭಾಷಣ ಚಿತ್ರದಲ್ಲಿಲ್ಲ, ಬೇಕಾಗಿಯೂ ಇಲ್ಲ.

ಇನ್ನು ಹೆಸರಾದ ಕೆಸೆಲ್ ಓಟ. 1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ಹಾನ್ ಇದನ್ನು ಹನ್ನೆರಡು ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದೆ ಎಂದು ಜಂಬ ಕೊಚ್ಚಿದ್ದ. ಪಾರ್ಸೆಕ್ ದೂರದ ಅಳತೆ, ಸುಮಾರು 3.26 ಜ್ಯೋತಿರ್ವರ್ಷ. ಓಟದ ಪಂದ್ಯದಲ್ಲಿ ನಾನು ಇಷ್ಟು ಕಿಲೋಮೀಟರಲ್ಲಿ ಗೆದ್ದೆ ಎಂದರೆ ಯಾರಾದರೂ ನಗುತ್ತಾರೆ, ಖಗೋಳ ಗೊತ್ತಿದ್ದವರು ನಾಲ್ಕು ದಶಕ ನಕ್ಕರು. ಈ ಚಿತ್ರ ಅದನ್ನು ದೂರವಾಗಿಯೇ ಒಪ್ಪಿಕೊಂಡು ಬಿಡಿಸುತ್ತದೆ. ಕೆಸೆಲ್ ಸುತ್ತ ದಟ್ಟ ಮೋಡದ ಸುಳಿ, ಅದರೊಳಗೆ ಸುರಕ್ಷಿತವಾದ ಡೊಂಕು ಕಾಲುವೆ ಇಪ್ಪತ್ತು ಪಾರ್ಸೆಕ್ ಉದ್ದ. ಕಾಲುವೆಯ ಬಾಯಿಗೆ ಶತ್ರುಗಳ ಯುದ್ಧನೌಕೆ ಅಡ್ಡ ನಿಂತಾಗ ಹಾನ್ ಕಾಲುವೆ ಬಿಟ್ಟು ಅಡ್ಡದಾರಿ ಹಿಡಿಯುತ್ತಾನೆ, ದಾರಿ ಚಿಕ್ಕದಾಗುತ್ತದೆ. ಹನ್ನೆರಡು ಎಂಬುದು ಕೂಡ ಅವನೇ ಕೆಳಕ್ಕೆ ಉರುಳಿಸಿ ಹೇಳಿದ ಸಂಖ್ಯೆ, ಪಕ್ಕದಲ್ಲಿ ಚ್ಯೂಬಾಕಾ ಗೊಣಗುತ್ತಾನೆ. ಹಳೆಯ ಎಡವಟ್ಟನ್ನು ಸರಿಪಡಿಸುತ್ತಲೇ ಜಂಬವನ್ನು ಜಂಬವಾಗಿಯೇ ಉಳಿಸಿಕೊಂಡ ಈ ಚಾತುರ್ಯ ಮೆಚ್ಚಬೇಕಾದ್ದು.

ಓಟದ ಕೊನೆಯಲ್ಲಿ ಹಡಗು ಭಾರಿ ಗುರುತ್ವದ ಹೊಂಡವೊಂದರ ಸೆಳೆತಕ್ಕೆ ಸಿಕ್ಕಿಬೀಳುತ್ತದೆ, ಬೆನ್ನ ಹಿಂದೆ ಗ್ರಹದಷ್ಟು ದೊಡ್ಡದಾಗಿ ಕಾಣುವ ಗ್ರಹಣಾಂಗಗಳ ಜಂತು. ಹಾನ್ ಎರಡು ಕೆಲಸ ಮಾಡುತ್ತಾನೆ: ಹಡಗಿನ ಮೂತಿಯಲ್ಲಿದ್ದ ತುರ್ತು ನೌಕೆಯನ್ನು ಕಳಚಿ ಜಂತುವಿಗೆ ಆಮಿಷವಾಗಿ ಎಸೆಯುತ್ತಾನೆ, ಆಮೇಲೆ ಒಂದು ಹನಿ ಕೊಆಕ್ಸಿಯಂ ಇಂಜಿನ್ನಿಗೆ ಬಿಡಿಸುತ್ತಾನೆ. ಸಿನಿಮಾದ ಉಳಿದ ಭೌತಶಾಸ್ತ್ರ ಹೇಗಾದರೂ ಇರಲಿ, ಈ ಎರಡಕ್ಕೂ ನಿಜದ ಆಧಾರವಿದೆ. ತೂಕ ಇಳಿದಷ್ಟೂ ಅದೇ ನೂಕುಬಲಕ್ಕೆ ಹೆಚ್ಚು ವೇಗ ಸಿಗುತ್ತದೆ. ಗುರುತ್ವದ ಹೊಂಡದ ಆಳದಲ್ಲಿ ವೇಗ ಹೆಚ್ಚಿರುವಾಗಲೇ ಇಂಜಿನ್ ಉರಿಸಿದರೆ ಅದೇ ಇಂಧನದಿಂದ ಹೆಚ್ಚು ಚಲನಶಕ್ತಿ ದಕ್ಕುತ್ತದೆ. ಇದಕ್ಕೆ ಓಬರ್ತ್ ಪರಿಣಾಮ ಎನ್ನುತ್ತಾರೆ, ಗ್ರಹಗಳ ಹತ್ತಿರದಿಂದ ಹಾಯುವ ನೌಕೆಗಳ ಪಥ ಯೋಜಿಸುವವರು ಇದನ್ನು ಬಳಸಿಕೊಳ್ಳುತ್ತಾರೆ. ಬರೆದವರು ಇದನ್ನು ಎಣಿಸಿ ಬರೆದರೋ ಇಲ್ಲವೋ, ಲೆಕ್ಕ ಮಾತ್ರ ಕೂಡಿಬಂದಿದೆ. ಜಂತು ಬೇಕಿರಲಿಲ್ಲ. ಶಾಖ ಏರುತ್ತಿರುವ ಡಬ್ಬಿ, ಒಡೆದ ಹಡಗು, ಗುರುತ್ವದ ಸೆಳೆತ ಇಷ್ಟಿರುವಾಗ ನಾಲ್ಕನೆಯ ಅಪಾಯ ತಂದು ಉಳಿದ ಮೂರರ ತೂಕವನ್ನೂ ಇಳಿಸಿದ್ದಾರೆ.

ಕಾಕ್‌ಪಿಟ್ ದೃಶ್ಯಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಹಸಿರು ಪರದೆಯ ಮುಂದೆ ನಟರನ್ನು ಕೂರಿಸುವ ಬದಲು, ಕಾಕ್‌ಪಿಟ್ ಸುತ್ತ ಬಾಗಿದ ದೊಡ್ಡ ಪರದೆ ಕಟ್ಟಿ, ಹಿಂಬದಿಯಿಂದ ಪ್ರೊಜೆಕ್ಟರುಗಳಲ್ಲಿ ಆಕಾಶವನ್ನು ಅದರ ಮೇಲೆ ಓಡಿಸಿದ್ದಾರೆ. ನಕ್ಷತ್ರಗಳು ಗೆರೆಗಳಾಗುವಾಗ ನಟರ ಕಣ್ಣಗುಡ್ಡೆಯಲ್ಲಿ, ಲೋಹದ ಅಂಚುಗಳಲ್ಲಿ, ಕಿಟಕಿಯ ಗಾಜಿನಲ್ಲಿ ಅದೇ ನೀಲಿ ಬೆಳಕು ಹರಿಯುತ್ತದೆ. ಆಮೇಲೆ ಸೇರಿಸಿದ ಬೆಳಕಿಗೆ ಈ ಹೊಂದಾಣಿಕೆ ಬರುವುದು ಕಷ್ಟ.

ಕೊನೆಯ ವಂಚನೆ ಸವರೀನ್ ಎಂಬ ಮರಳು ದಂಡೆಯ ಮೇಲೆ. ಮುಖವಾಡದ ನೆಸ್ಟ್ ನಿಜದಲ್ಲಿ ದರೋಡೆಕೋರಳಲ್ಲ, ಲೂಟಿಗೊಳಗಾದ ಊರುಗಳ ಪರವಾಗಿ ನಿಂತ ಹುಡುಗಿ ಎಂದು ಇಲ್ಲಿ ತಿಳಿಯುತ್ತದೆ. ಹಾನ್ ಇಂಧನವನ್ನು ಅವಳಿಗೆ ಕೊಡಲು ಒಪ್ಪಿ, ಡ್ರೈಡನ್‌ನ ಮುಂದೆ ಡಬ್ಬಿ ಇಡುತ್ತಾನೆ. ಬೆಕೆಟ್ ಮೊದಲೇ ಡ್ರೈಡನ್ ಕಿವಿಗೆ ಹಾಕಿದ್ದಾನೆ: ಇವನು ತರುವುದು ನಕಲಿ, ಅಸಲಿ ನೆಸ್ಟ್ ಬಳಿ ಇದೆ. ಅಸಲಿ ತರಲು ಡ್ರೈಡನ್ ತನ್ನ ಕಾವಲಿನವರನ್ನೆಲ್ಲ ಹೊರಗೆ ಕಳಿಸುತ್ತಾನೆ, ಅಲ್ಲಿ ಅವರಿಗೆ ಸಿಗುವುದು ಖಾಲಿ ಡಬ್ಬಿಗಳು ಮತ್ತು ನೆಸ್ಟ್‌ಳ ಬಂದೂಕು. ಅಸಲಿ ಮಾಲು ಡ್ರೈಡನ್‌ನ ಮೇಜಿನ ಮೇಲೇ ಇತ್ತು. ಯಾರನ್ನೂ ನಂಬಬೇಡ ಎಂದು ಬೆಕೆಟ್ ಹೇಳಿಕೊಟ್ಟ ಪಾಠವನ್ನು ಹಾನ್ ಬೆಕೆಟ್ ಮೇಲೆಯೇ ಪ್ರಯೋಗಿಸಿದ್ದಾನೆ. ಕಾವಲನ್ನು ಬಡಿದು ಓಡಿಸುವ ಬದಲು ಯಜಮಾನನ ಬಾಯಿಂದಲೇ ಹೊರಗೆ ಕಳಿಸುವುದು, ಅದೂ ಸುಳ್ಳಿನಿಂದಲ್ಲ, ಸತ್ಯವನ್ನು ಸುಳ್ಳೆಂದು ನಂಬಿಸಿ! ಗಣಿಯಲ್ಲಿ ಕಾಣದ ಕೈಚಳಕವೆಲ್ಲ ಇಲ್ಲಿದೆ.

ಇಲ್ಲೊಂದು ತೂತೂ ಇದೆ. ಇಡೀ ಕೋಟೆ ನಿಂತಿರುವುದು ಡ್ರೈಡನ್ ಎದುರಿಗಿರುವ ಮಾಲನ್ನು ಸರಿಯಾಗಿ ಪರೀಕ್ಷಿಸುವುದಿಲ್ಲ ಎಂಬ ಒಂದೇ ಕಂಬದ ಮೇಲೆ. ಇಷ್ಟು ದೊಡ್ಡ ಕೂಟ ನಡೆಸುವವನು, ನೂರು ಕಿಲೋಗಾಗಿ ಜೀವ ತೆಗೆಯುವವನು, ಒಬ್ಬ ಕಳ್ಳನ ಮಾತು ಕೇಳಿ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾನಾ? ಆಮೇಲೆ ತಿರುವಿನ ಮೇಲೆ ತಿರುವು: ಬೆಕೆಟ್ ಮಾಲು ಎತ್ತಿಕೊಂಡು ಹೋಗುತ್ತಾನೆ, ಕಿರಾ ಡ್ರೈಡನ್‌ನನ್ನು ಕೊಲ್ಲುತ್ತಾಳೆ, ಹಾನ್ ಬೆಕೆಟ್ ಮಾತು ಮುಗಿಸುವ ಮೊದಲೇ ಗುಂಡು ಹಾರಿಸುತ್ತಾನೆ. ಕೊನೆಯದು, 1977ರ ಚಿತ್ರದಲ್ಲಿ ಮೊದಲು ಗುಂಡು ಹಾರಿಸಿದ್ದು ಹಾನ್ ತಾನೇ ಎಂಬ ಅಭಿಮಾನಿಗಳ ಹಳೆಯ ಜಗಳಕ್ಕೆ ಕೊಟ್ಟ ಉತ್ತರವಾದರೂ ಪಾತ್ರಕ್ಕೆ ಒಪ್ಪುತ್ತದೆ.

ನಟರಲ್ಲಿ ಡೊನಾಲ್ಡ್ ಗ್ಲೋವರ್‌ಗೆ ಹೆಚ್ಚು ಅಂಕ. ಅಂಗಿಯ ತೋಳಿನಲ್ಲಿ ಎಲೆ ಬಚ್ಚಿಟ್ಟುಕೊಂಡೂ ಮುಖದಲ್ಲಿ ಗೆರೆ ಅಲುಗಿಸದ ಲ್ಯಾಂಡೋ ಅವರ ಕೈಯಲ್ಲಿ ಸಲೀಸು. ಹಾನ್ ಆಗಿರುವ ಆಲ್ಡನ್ ಎರೆನ್‌ರೈಕ್, ಹಳೆಯ ಚಿತ್ರಗಳಲ್ಲಿ ಹಾನ್ ಆಗಿದ್ದ ಹ್ಯಾರಿಸನ್ ಫೋರ್ಡ್‌ರ ಅಣಕು ಮಾಡಲು ಹೋಗಿಲ್ಲ, ಅದೇ ಅವರ ಗೆಲುವು. ವುಡಿ ಹ್ಯಾರೆಲ್ಸನ್ ನಿದ್ದೆಯಲ್ಲೂ ಮಾಡಬಲ್ಲ ಪಾತ್ರ ಬೆಕೆಟ್‌ನದು. ಎಮಿಲಿಯಾ ಕ್ಲಾರ್ಕ್‌ರ ಕಿರಾ ಏನನ್ನು ಮುಚ್ಚಿಡುತ್ತಿದ್ದಾಳೆ ಎಂಬ ಕುತೂಹಲ ಕೊನೆವರೆಗೂ ಉಳಿಯುತ್ತದೆ, ಆದರೆ ಉತ್ತರವನ್ನು ಬಾರದ ಮುಂದಿನ ಭಾಗಕ್ಕೆ ಬಿಟ್ಟಿದ್ದಾರೆ. ಡ್ರೈಡನ್ ಪಾತ್ರವನ್ನು ಮೊದಲು ಮೈಕೆಲ್ ಕೆ. ವಿಲಿಯಮ್ಸ್ ಮಾಡಿದ್ದರು. ಮರುಚಿತ್ರೀಕರಣಕ್ಕೆ ಅವರಿಗೆ ಬಿಡುವಿಲ್ಲದೆ ಪಾಲ್ ಬೆಟನಿ ಬಂದರು.

ಮರುಚಿತ್ರೀಕರಣದ ಗುರುತುಗಳು ಗಮನಿಸಿದರೆ ಸಿಗುತ್ತವೆ. 2017ರ ಜೂನ್‌ನಲ್ಲಿ ಫಿಲ್ ಲಾರ್ಡ್ ಮತ್ತು ಕ್ರಿಸ್ಟೊಫರ್ ಮಿಲ್ಲರ್ ಅವರನ್ನು ತೆಗೆದು ರಾನ್ ಹೊವರ್ಡ್ ಅವರನ್ನು ತಂದರು. ಚಿತ್ರ ನಗಿಸುವುದೋ ಬೆದರಿಸುವುದೋ ಎಂದು ಅಲ್ಲಲ್ಲಿ ತಡವರಿಸುತ್ತದೆ, ಎಲ್‌3ಯ ಹಾಸ್ಯದಿಂದ ಎಲ್‌3ಯ ಅಂತ್ಯಕ್ಕೆ ಹೊರಳುವಾಗ ಅದು ಎದ್ದು ಕಾಣುತ್ತದೆ. ಆದರೂ ರಾನ್ ಹೊವರ್ಡ್ ಕೈಯಲ್ಲಿ ಹೊಡೆದಾಟಗಳ ದಿಕ್ಕು ಎಲ್ಲೂ ತಪ್ಪಿಲ್ಲ. ಕತ್ತರಿಸಿ ಕತ್ತರಿಸಿ ಕಣ್ಣು ಕಟ್ಟುವ ಚಟ ಅವರಿಗಿಲ್ಲ.

ಸಂಗೀತ ಜಾನ್ ಪವೆಲ್ ಅವರದು, ಹಾನ್‌ಗಾಗಿ ಜಾನ್ ವಿಲಿಯಮ್ಸ್ ಬರೆದುಕೊಟ್ಟ ಹೊಸ ರಾಗವನ್ನು ಎಳೆಯಾಗಿಸಿಕೊಂಡಿದ್ದಾರೆ. ನೆಸ್ಟ್ ಗುಂಪು ಬರುವಾಗ ಕೇಳುವ ಹೆಂಗಸರ ವೃಂದಗಾನವನ್ನು ಕಿವಿಗೊಟ್ಟು ಕೇಳಿ. ಗಂಟಲ ಬಿಗಿಯ, ಮೊನಚಾದ ಕೂಗು. ಮುಖವಾಡದ ಹಿಂದೆ ಯಾರಿದ್ದಾರೆ ಎಂಬ ಗುಟ್ಟನ್ನು ಚಿತ್ರಕಥೆ ಒಂದು ಗಂಟೆಗೂ ಹೆಚ್ಚು ಕಾಪಾಡುತ್ತದೆ, ಸಂಗೀತ ಮಾತ್ರ ಮೊದಲ ಸಲವೇ ಬಿಟ್ಟುಕೊಟ್ಟಿದೆ.

ಮನೆಯಲ್ಲಿ ನೋಡುವವರು ಓದಲೇಬೇಕಾದ ಭಾಗ ಇದು. ಛಾಯಾಗ್ರಾಹಕ ಬ್ರಾಡ್‌ಫರ್ಡ್ ಯಂಗ್ ಇಡೀ ಚಿತ್ರವನ್ನು ಕಡಿಮೆ ಬೆಳಕಿನಲ್ಲಿ, ದೀಪ ಕಾಣುವ ಕಡೆಯಿಂದಷ್ಟೇ ಬೆಳಕು ಬರುವಂತೆ ತೆಗೆದಿದ್ದಾರೆ. ಪ್ರೊಜೆಕ್ಟರ್ ಲ್ಯಾಂಪು ಹಳತಾಗಿದ್ದ ಚಿತ್ರಮಂದಿರಗಳಲ್ಲಿ ಇದು ಮಂಕು ಮಂಕಾಗಿ ಕಂಡು ದೂರುಗಳು ಬಂದಿದ್ದವು. ಟಿವಿಯಲ್ಲೂ ಅದೇ ಗತಿ ಆಗಬಹುದು. ಮೊದಲು ಕೋಣೆಯ ದೀಪ ಆರಿಸಿ, ಪರದೆಗೆ ಹೊಳಪು ಹೊಡೆಯುವ ಕಿಟಕಿಗೆ ಪರದೆ ಎಳೆಯಿರಿ. ಚಿತ್ರದ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಇರಲಿ. ವಿದ್ಯುತ್ ಉಳಿತಾಯದ ಆಯ್ಕೆಯನ್ನೂ ಕೋಣೆಯ ಬೆಳಕು ನೋಡಿ ತಾನೇ ಮಂದವಾಗುವ ಸೆನ್ಸರನ್ನೂ ಆಫ್ ಮಾಡಿ. ಕತ್ತಲ ದೃಶ್ಯದಲ್ಲಿ ಇವೆರಡೂ ಸೇರಿ ಇದ್ದಬದ್ದ ಬೆಳಕನ್ನೂ ನುಂಗುತ್ತವೆ.

ಹಾಗೂ ಮಂಕೆನಿಸಿದರೆ ‘ಬ್ರೈಟ್‌ನೆಸ್’ ಏರಿಸಲು ಹೋಗಬೇಡಿ. ಹಲವು ಟಿವಿಗಳಲ್ಲಿ ಅದು ಕಪ್ಪಿನ ಮಟ್ಟವನ್ನು ಎತ್ತುತ್ತದೆ, ಕಪ್ಪು ಬೂದಿಯಾಗುತ್ತದೆ, ವಿವರ ಒಂದಿಷ್ಟೂ ಹೆಚ್ಚುವುದಿಲ್ಲ. ಬ್ಯಾಕ್‌ಲೈಟ್ ಏರಿಸಿ, ಇಲ್ಲವೇ ಗಾಮಾ (ನೆರಳು-ನಡುಬೆಳಕಿನ ಮಟ್ಟ ಹೊಂದಿಸುವ ಆಯ್ಕೆ) ಒಂದು ಮೆಟ್ಟಿಲು ಇಳಿಸಿ, ನೆರಳಿನ ವಿವರ ಎದ್ದು ಬರುತ್ತದೆ. ಪ್ಲೇಯರ್ ಮತ್ತು ಟಿವಿ ನಡುವೆ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಒಂದು ಕಡೆ ‘ಲಿಮಿಟೆಡ್’, ಇನ್ನೊಂದು ಕಡೆ ‘ಫುಲ್’ ಆಗಿದ್ದರೂ ನೆರಳುಗಳು ಮುದ್ದೆಯಾಗುತ್ತವೆ, ಎರಡೂ ಒಂದೇ ಇರುವಂತೆ ನೋಡಿ. ಬೆಳಕು-ಕತ್ತಲೆಯ ಅಂತರ ಹೆಚ್ಚಿಟ್ಟ ಎಚ್‌ಡಿಆರ್ ಆವೃತ್ತಿ ಕಡಿಮೆ ಹೊಳಪಿನ ಟಿವಿಯಲ್ಲಿ ಇನ್ನೂ ಕತ್ತಲಾಗಿ ಕಾಣುತ್ತದೆ. ಅಂಥ ಸೆಟ್‌ನಲ್ಲಿ ಮಾಮೂಲಿ ಎಚ್‌ಡಿ ಆವೃತ್ತಿಯೇ ಮೇಲು. ಸರಿಹೊಂದಿತೇ ಎಂದು ಪರೀಕ್ಷಿಸಲು ಲ್ಯಾಂಡೋನ ಇಸ್ಪೀಟಿನ ದೃಶ್ಯ ಹಾಕಿ. ಮೇಜಿನ ಸುತ್ತ ಕೂತ ವಿಚಿತ್ರ ಜೀವಿಗಳ ಮುಖಗಳು ಹಿನ್ನೆಲೆಯಿಂದ ಬೇರೆಯಾಗಿ ಕಾಣಬೇಕು, ಅವರ ಹಿಂದಿನ ಕತ್ತಲೆ ಮಾತ್ರ ಕತ್ತಲೆಯಾಗಿಯೇ ಇರಬೇಕು. ಮಿಂಬನ್‌ನ ಕೆಸರಿನ ಯುದ್ಧದಲ್ಲಿ ಹೊಗೆ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಂಡರೆ ಬಹುಮಟ್ಟಿಗೆ ಟಿವಿಯ ತಪ್ಪಲ್ಲ, ಸ್ಟ್ರೀಮಿಂಗ್‌ನ ಡೇಟಾ ಸಾಲುತ್ತಿಲ್ಲ ಎಂದರ್ಥ. ಅಂಥ ಸಂಪರ್ಕದಲ್ಲಿ ಬ್ಲೂ-ರೇ ಡಿಸ್ಕ್ ಸಿಕ್ಕರೆ ಅದನ್ನೇ ಹಾಕುವುದು ಒಳ್ಳೆಯದು.

ಸ್ಟಾರ್ ವಾರ್ಸ್ ಬೇರೆ ಯಾವುದನ್ನೂ ನೋಡದವರಿಗೂ ಕಥೆ ತಿಳಿಯುತ್ತದೆ, ಒಂದೇ ಒಂದು ಕಡೆ ಬಿಟ್ಟು. ಕೊನೆಯಲ್ಲಿ ಹೊಲೋಗ್ರಾಮ್‌ನಲ್ಲಿ ಕಾಣಿಸಿಕೊಳ್ಳುವ ಕೊಂಬಿನ ಕೆಂಪು ಮುಖದವನು ಮಾಲ್ ಎಂಬ ಹಳೆಯ ಖಳ. 1999ರ ಚಿತ್ರದಲ್ಲಿ ಎರಡು ತುಂಡಾಗಿ ಬಿದ್ದವನು ಬದುಕುಳಿದದ್ದು ಹೇಗೆ ಎಂಬುದು ಕಾರ್ಟೂನ್ ಸರಣಿಯಲ್ಲಿ ಬರುವ ಕಥೆ, ಇಲ್ಲಿ ಅದರ ಬಗ್ಗೆ ಒಂದು ಸಾಲಿನ ವಿವರಣೆಯೂ ಇಲ್ಲ. ಗೊತ್ತಿಲ್ಲದವರು ಕಿರಾಳ ಹೊಸ ಯಜಮಾನ ಅಂದುಕೊಂಡು ಮುಂದೆ ಸಾಗಿದರೆ ನಷ್ಟವೇನಿಲ್ಲ.